ಚಿಮಣಿಯ ಮೇಲೆ ಕರಿಗೂದಲು

ಕಾರ್ಖಾನೆಗಳ ಕಸ ಸುಡುವ ಕುಲುಮೆಗಳಿಂದ ಎಷ್ಟು ಅಮೋನಿಯಾ ಹೊರಬರುತ್ತದೆ ಎಂದು ಚಿಮಣಿ ಹತ್ತಿ ಅಳೆಯುವುದು ನಮ್ಮ ತಂಡದ ಕೆಲಸ. ತಂಡಕ್ಕೆ ನಾನೇ ಹಿರಿಯ, ಹೀಗಾಗಿ ಉಪದೇಶದ ಗುತ್ತಿಗೆಯೂ ನನ್ನದೇ. ಅಳತೆ ಕೆಡುತ್ತದೆಂದು, ಅತ್ತರು ಹಚ್ಚಿಕೊಂಡು ಬಂದ ಡ್ರೈವರನ ಕುತ್ತಿಗೆಯನ್ನು ಒಮ್ಮೆ ನಳದ ಕೆಳಗೆ ತೊಳೆಸಿದ್ದೆ.

ಅಂದು ಸಂಜೆ ಧಾರವಾಡದಲ್ಲಿ ನಾದಿನಿಯ ಮಗಳ ನಿಶ್ಚಯವಿತ್ತು. ವರನ ಕಡೆಯವರು ಹಿಂದಿನ ಸಲ ನನ್ನನ್ನು "ಅಜ್ಜಾರ" ಎಂದಿದ್ದರು. ಅದು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ದುರ್ಗದಬೈಲಿನ ಪೇಟೆಯಿಂದ ತಂದ ಕೂದಲ ಬಣ್ಣವನ್ನು ಬೆಳಿಗ್ಗೆ ಬಚ್ಚಲಲ್ಲಿ ಕಲಸಿದೆ.

"ಕಿಟಕಿ ತಗೀರಿ, ಕಣ್ಣು ಉರಿಯಾಕತ್ತಾವ!" ಹೆಂಡತಿ ಕೂಗಿದಳು. ಅಷ್ಟರಲ್ಲಿ ಆಫೀಸಿನ ಜೀಪು ಬಂತು. ತಲೆಗೆ ಎರಡು ತಂಬಿಗೆ ಸುರಿದುಕೊಂಡು ಓಡಿದೆ.

ಹುಬ್ಬಳ್ಳಿಯ ಹೊರಗಿನ ಆ ಕಾರ್ಖಾನೆಯ ಮೇಲೆ ದೂರು ಕೊಟ್ಟವರು ಅದರ ಗೋಡೆಗೆ ಅಂಟಿದ ಮನೆಯ ಹೆಂಗಸು. "ಈ ಸಲನಾದ್ರೂ ಖರೇ ಅಳೀರಿ ಸರ," ಎಂದರು. ನಾನು ಕೂದಲು ನೇವರಿಸಿಕೊಂಡು ಅಭಯ ಕೊಟ್ಟೆ.

ಚಿಮಣಿಯ ಮೇಲೆ ಬಿಸಿಲು, ತಲೆಗೆ ಹೆಲ್ಮೆಟ್. ಬೆವರು ಹಣೆಯ ಮೇಲೆ ಕರ್ರಗೆ ಇಳಿಯುತ್ತಿದ್ದುದು ನನಗೆ ತಿಳಿಯಲಿಲ್ಲ. ಕೆಳಗಿಳಿದಾಗ ಮ್ಯಾನೇಜರ್ ಗಾಬರಿಯಾದ. "ಸಾಹೇಬ್ರ, ನಮ್ಮ ಹೊಗ್ಯಾಗ ಇಷ್ಟು ಮಸಿ ಇಲ್ಲಲ್ರಿ!"

"ಎಲ್ಲಾ ವರದಿಯೊಳಗ ಬರತದ," ಎಂದು ಗಂಭೀರವಾಗಿ ಹೇಳಿದೆ.

ಅಮೋನಿಯಾ ಹಿಡಿಯಲು ಹೊಗೆ ಹಾಯಿಸುವ ಆಮ್ಲದ ಬಾಟಲಿಗಳ ಜೊತೆ ಒಂದು ಸಾಕ್ಷಿ ಬಾಟಲಿ ಒಯ್ಯುತ್ತೇವೆ. ಅದಕ್ಕೆ ಹೊಗೆ ಹಾಯಿಸುವುದಿಲ್ಲ, ಚಿಮಣಿಯ ಮೇಲೆ ಅದರ ಮುಚ್ಚಳ ತೆಗೆದು ಮತ್ತೆ ಮುಚ್ಚುತ್ತೇವೆ ಅಷ್ಟೇ. ಅದರಲ್ಲಿ ಅಮೋನಿಯಾ ಸಿಕ್ಕರೆ ತಪ್ಪು ನಮ್ಮದೇ, ಇಡೀ ಅಳತೆ ರದ್ದು. ಅಂದು ಅದರಲ್ಲೂ ಸಿಕ್ಕಿತು.

ಲ್ಯಾಬಿನಲ್ಲಿ ಡ್ರೈವರನ ಮೇಲೆ ಹರಿಹಾಯ್ದೆ. "ಮತ್ತ ಅತ್ತರ ಹಚ್ಚೀಯೇನು?"

ಪರೀಕ್ಷೆ ಮಾಡಿದ ಹುಡುಗಿ ಮೆಲ್ಲಗೆ ಕೇಳಿದಳು, "ಸರ, ನಿಮ್ಮ ಕಾಲರ್ ಯಾಕ ಕರ್ರಗ ಆಗೇತ್ರಿ?" ಹತ್ತಿರ ಬಂದು ಮೂಸಿ ನೋಡಿದವಳು, "ಕೂದಲ ಬಣ್ಣದಾಗೂ ಅಮೋನಿಯಾ ಇರತೈತ್ರಿ," ಎಂದು ಕಿಟಕಿ ತೆರೆದಳು.

ನಿಶ್ಚಯದಲ್ಲಿ ಯಾರೂ ಅಜ್ಜಾರ ಎನ್ನಲಿಲ್ಲ. ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮತ್ತೆ ಅಳೆಯುವುದು ತಡವಾಗಿ, ಕಾರ್ಖಾನೆಯವರು ಅಷ್ಟರಲ್ಲಿ ಹೊಗೆ ಸರಿಪಡಿಸಿ ನಾವು ಹೋದ ಮೇಲೆ ಮತ್ತೆ ಬಿಟ್ಟರೆ, ಆ ಹೆಂಗಸಿನ ಮಾತು ಕಾಗದದ ಮೇಲೆ ಸುಳ್ಳಾಗುತ್ತಿತ್ತು. ಮರುದಿನವೇ ಮತ್ತೆ ಚಿಮಣಿ ಹತ್ತಬೇಕಿತ್ತು. "ಆ ತಲಿ ಮ್ಯಾಲ ಭರೋಸ ಇಲ್ರಿ ಸರ," ಎಂದಿದ್ದಳು ಲ್ಯಾಬಿನ ಹುಡುಗಿ. ಬೆಳಗಾಗುತ್ತಲೇ ಕಟಿಂಗ್ ಅಂಗಡಿಗೆ ಹೋಗಿ ತಲೆ ಪೂರ್ತಿ ಬೋಳಿಸಿಕೊಂಡೆ.

ನನ್ನನ್ನು ನೋಡಿ ಆ ಹೆಂಗಸು ಕೆನ್ನೆಗೆ ಕೈ ಹಚ್ಚಿದರು. "ಅಯ್ಯ, ಮನ್ಯಾಗ ಯಾರ್ ತೀರಿಕೊಂಡ್ರಿ?" ನಾನು ಉತ್ತರ ಹುಡುಕುವುದರೊಳಗೆ ಒಳಗೆ ಕರೆದು ಕೂಡಿಸಿ ನೀರು ಕೊಟ್ಟರು. ಸತ್ತದ್ದು ನನ್ನ ಮರ್ಯಾದೆ ಎಂದು ಹೇಗೆ ಹೇಳಲಿ? ಮನೆಯೊಳಗೆ ಧಗೆ. ಕಿಟಕಿಗಳ ಸಂದಿಗೆಲ್ಲ ಹಳೆ ಸೀರೆಯ ತುಂಡು ತುರುಕಿದ್ದರು.

"ಸ್ವಲ್ಪ ತಗೀಬಾರದೇನ್ರಿ?"

"ತಗದ್ರ ಆ ಹೊಗಿ ಒಳಗ ಬರತೈತ್ರಿ."

ಈ ಸಲ ಸಾಕ್ಷಿ ಬಾಟಲಿ ಶುದ್ಧವಾಗಿತ್ತು. ಹೊಗೆ ಹಾದ ಬಾಟಲಿಗಳಲ್ಲಿ ಅಮೋನಿಯಾ ಮಿತಿ ಮೀರಿತ್ತು. ಗೆದ್ದವನಂತೆ ಆ ಸುದ್ದಿ ಹೇಳಲು ನಾನೇ ಅವರ ಮನೆಗೆ ಹೋದೆ. ನೀವು ಹೇಳಿದ್ದು ಖರೇ, ವರದಿ ಕಳಿಸಿದ್ದೇವೆ ಎಂದೆ.

ಅವರು ಕಿಟಕಿಯ ಬಟ್ಟೆಯ ಮೇಲೆ ಕೈಯಿಟ್ಟು ಕೇಳಿದರು, "ಹಂಗಾದ್ರ ಇದನ್ನ ಯಾವಾಗ ತಗೀಲ್ರಿ?"

ನಾನು ಬೋಳು ತಲೆ ಸವರಿಕೊಳ್ಳುತ್ತ ನಿಂತೆ.