ಈಶಾನ್ಯದ ರೂಮು

ಪಕ್ಕದ ಮನೆಯ ಗಾರೆ ಮೇಸ್ತ್ರಿಗಳ ಬೆರಳುಗಳು ಸಿಮೆಂಟಿಗೆ ಸವೆದು ಎಷ್ಟು ನುಣುಪಾಗಿದ್ದವೆಂದರೆ, ರೇಷನ್ ಅಂಗಡಿಯ ಮೆಷಿನ್ನು ಅವರ ಹೆಬ್ಬೆಟ್ಟನ್ನು ಗುರುತೇ ಹಿಡಿಯುತ್ತಿರಲಿಲ್ಲ. “ಊರಿಗೆಲ್ಲ ಮನೆ ಕಟ್ಟಿದ್ದೀನಿ, ನಾನ್ಯಾರು ಅಂತ ಇದಕ್ಕೆ ಗೊತ್ತಿಲ್ಲ ನೋಡು,” ಎಂದು ನಗುತ್ತಿದ್ದರು.

ಅವರಿಗೆ ವಾಸ್ತುವಿನ ಹುಚ್ಚು. ಕಾಫಿಗೆಂದು ನಮ್ಮ ಮನೆಗೆ ಬಂದವರು ಲೋಟ ಮುಟ್ಟುವ ಮುಂಚೆ ನನ್ನ ಒಲೆಯನ್ನೇ ಪೂರ್ವಕ್ಕೆ ತಿರುಗಿಸಿದ್ದರು. ಈಶಾನ್ಯದ ಮೂಲೆಯಲ್ಲಿ ಭಾರ ಹೇರುವ ಮನೆಯ ಕೆಲಸವನ್ನಂತೂ ಒಪ್ಪುತ್ತಲೇ ಇರಲಿಲ್ಲ. ಯಜಮಾನನಿಗೆ ಆಗಿಬರುವುದಿಲ್ಲ ಎನ್ನುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ನನ್ನವು ಎರಡು ವಿದ್ಯುತ್ ಮಗ್ಗ. ನನಗೂ ಮಗಳಿಗೂ ಅವೇ ಅನ್ನ. ಕರೆಂಟಿಗೆ ಕಾದೂ ಕಾದೂ, ಜನರೇಟರಿನ ಹೊಗೆ ಕುಡಿದೂ ಸಾಕಾಗಿ ಸೂರಿನ ಮೇಲೆ ಸೋಲಾರ್ ಹಾಕಿಸಿದೆ. “ವರ್ಷಾವರ್ಷ ಇಷ್ಟು ಸುಡ್ತಾನಲ್ಲ ಸೂರ್ಯ, ಒಂಚೂರು ಕೂಲೀನೂ ಮಾಡ್ಲಿ ಬಿಡಮ್ಮ,” ಎಂದರು ಮೇಸ್ತ್ರಿಗಳು.

ಆಮೇಲೆ ಅವರು ತಮಗೂ ಹೆಂಡತಿಗೂ ಎಂದು ಮಹಡಿಯಲ್ಲೊಂದು ರೂಮು ಕಟ್ಟಲು ಹೊರಟರು. ವಾಸ್ತುವಿನಂತೆ ಅದು ನೈಋತ್ಯಕ್ಕೆ, ಅಂದರೆ ನನ್ನ ಸೂರಿಗೆ ಅಂಟಿಕೊಂಡೇ ಬರಬೇಕು. ಅಲ್ಲಿ ಗಳ ನೆಟ್ಟು ಟಾರ್ಪಾಲು ಕಟ್ಟಿದ ಮರುದಿನ ಬೆಳಗ್ಗೆ ನನ್ನ ಮಗ್ಗಗಳು ನಿಂತವು. ಮೇಲೆ ಹತ್ತಿ ನೋಡಿದರೆ ಸೋಲಾರಿನ ಮೇಲೆಲ್ಲ ನೆರಳು. ಮೇಸ್ತ್ರಿಗಳೂ ಅದನ್ನೇ ನೋಡುತ್ತ ನಿಂತಿದ್ದರು. ನನಗೆ ಕೋಪ, ಅಳು ಎರಡೂ ಒಟ್ಟಿಗೆ ಬಂದವು. “ನಿಮ್ಮ ಮನೆ, ನಿಮ್ಮಿಷ್ಟ. ಕಟ್ಕೊಳ್ಳಿ,” ಅಂದು ಇಳಿದುಬಂದೆ.

ಎರಡು ದಿನ ಕೆಲಸ ನಡೆಯಲಿಲ್ಲ. ಮೂರನೆಯ ದಿನ ಅವರೇ ಗಳ ಕಿತ್ತು ಈಶಾನ್ಯದ ಮೂಲೆಯಲ್ಲಿ ನೆಟ್ಟರು. ಅವರ ಮಹಡಿಯಲ್ಲಿ ನನ್ನ ಸೂರಿಗೆ ನೆರಳು ತಾಗದ ಖಾಲಿ ಜಾಗ ಅದೊಂದೇ. ಬೇಡವೆಂದು ಹೆಂಡತಿ ಜಗಳವಾಡಿದ್ದು ನಮ್ಮ ಮನೆಗೂ ಕೇಳಿಸಿತು. “ಅವಳ ಪಾಲಿನ ಬಿಸಿಲು ಕಿತ್ಕೊಂಡ್ರೆ ಯಾವ ವಾಸ್ತು ಕಾಪಾಡುತ್ತೆ? ಸುಮ್ನಿರು,” ಅಂದರು.

ಎರಡು ವರ್ಷ ಆ ರೂಮಿನಲ್ಲಿದ್ದರು. ಒಂದು ಮಧ್ಯಾಹ್ನ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. “ಈಶಾನ್ಯಕ್ಕೆ ಭಾರ ಹಾಕ್ದ, ಹೋದ,” ಎಂದು ನೆಂಟರು ನನಗೆ ಕೇಳುವಂತೆಯೇ ಆಡಿಕೊಂಡರು. ನನಗೆ ಅಂಥದ್ದರಲ್ಲಿ ನಂಬಿಕೆಯಿಲ್ಲ. ಆದರೆ ಅವರಿಗಿತ್ತಲ್ಲ, ಕೆಡುಕಾಗುತ್ತದೆ ಎಂದು ನಂಬಿಕೊಂಡೇ ಕಟ್ಟಿದರಲ್ಲ. ಮಗ್ಗ ಮುಟ್ಟಲು ನನಗೆ ಮನಸ್ಸೇ ಬರಲಿಲ್ಲ.

ತಿಥಿ ಮುಗಿದ ಮರುದಿನ ಅವರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. “ಮಗ್ಗ ಯಾಕೆ ನಿಲ್ಸಿದ್ದೀಯೇ?”

“ನನ್ನಿಂದಲೇ ಹೋದ್ರು ಅಂತಾರಲ್ಲಕ್ಕ,” ಎಂದು ಅತ್ತುಬಿಟ್ಟೆ.

“ಅನ್ನೋರು ಅಂತಾರೆ. ಅವರು ಬಿಸಿಲು ಬಿಟ್ಕೊಟ್ಟಿದ್ದು ನೀನು ಕೂತು ಅಳ್ಲಿ ಅಂತಲ್ಲ. ಎದ್ದು ಸ್ವಿಚ್ ಹಾಕು.”

ಹಾಕಿದೆ. ಎರಡೂ ಮಗ್ಗ ಓಡತೊಡಗುವವರೆಗೂ ಆ ತಾಯಿ ಹೊಸ್ತಿಲಲ್ಲೇ ನಿಂತಿದ್ದರು.