ಅಡುಗೆಗೆ ನಿಂತ ರೇಡಿಯೋ

ಕಾಡಂಚಿನ ಆ ಪಟ್ಟಣದಲ್ಲಿ ಬಸ್ಸಿಳಿದು ಗೈಡ್ ಬೇಕೆಂದು ಯಾರನ್ನು ಕೇಳಿದರೂ ರೇಡಿಯೋ ಹತ್ತಿರ ಹೋಗಿ ಎನ್ನುತ್ತಿದ್ದರು. ಹೆಸರಿಟ್ಟ ತಾಯಿಗೇ ಅಸಲಿ ಹೆಸರು ಮರೆತುಹೋಗುವಷ್ಟು ಆ ಅಡ್ಡಹೆಸರು ಅಂಟಿಕೊಂಡಿತ್ತು. ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ದೇಶ ಸುತ್ತುವ ಹುಡುಗ ಹುಡುಗಿಯರನ್ನು ಒಂದು ರಾತ್ರಿಯ ಮಟ್ಟಿಗೆ ಕಾಡಿಗೆ ಕರೆದೊಯ್ದು, ಮರುದಿನ ಕೈಕಾಲು ನೆಟ್ಟಗಿರುವಂತೆ ತಂದೊಪ್ಪಿಸುವುದು ಆತನ ಕಸುಬು. ದಾರಿಯುದ್ದಕ್ಕೂ ಮಾತು. ಜಿಗಣೆಯ ಬಗ್ಗೆ, ಬಳ್ಳಿಯ ಬಗ್ಗೆ, ಏನೂ ಸಿಗದಿದ್ದರೆ ಹೆಂಡತಿಯ ಬಗ್ಗೆ. ಈ ಪೆಟ್ಟಿಗೆಗೆ ಆರಿಸುವ ಗುಂಡಿಯನ್ನೇ ಇಟ್ಟಿಲ್ಲ ಎಂದು ಆ ಹೆಂಡತಿ ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದಳು.

ಅಂಥವನು ಇದ್ದಕ್ಕಿದ್ದಂತೆ ಗೈಡ್ ಕೆಲಸ ಬಿಟ್ಟು ಅದೇ ಟ್ರೆಕ್‌ಗಳಿಗೆ ಅಡುಗೆಯವನಾದ. ಮಂಡಿ ಹೋಯಿತು ಎಂದ. ಮಂಡಿ ಹೋದವನು ಪಾತ್ರೆ ಪಡಗ ಹೊತ್ತು ಗುಡ್ಡ ಹತ್ತುವುದು ಹೇಗೆಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕುಂಟುವುದನ್ನೂ ಶುರುಮಾಡಿದ. ಯಾವ ಕಾಲೆಂಬುದು ಮಾತ್ರ ಆಗಾಗ ಮರೆತುಹೋಗುತ್ತಿತ್ತು.

ಹೋಗಿದ್ದು ಕಿವಿ. ಎದುರು ನಿಂತು ಹೇಳಿದರೆ, ಇಲ್ಲವೇ ಗಟ್ಟಿಯಾಗಿ ಕೂಗಿದರೆ ಮಾತ್ರ ತಿಳಿಯುತ್ತಿತ್ತು. ಒಂದು ದಿನ ಬೆನ್ನ ಹಿಂದೆಯೇ ಮರದ ಕೊಂಬೆ ಮುರಿದು ಬಿದ್ದು, ಪ್ರವಾಸಿಗರೆಲ್ಲ ಬೆಚ್ಚಿ ನಿಂತ ಮೇಲೂ ಆತ ಮಾತಾಡುತ್ತ ಮುಂದೆ ಹೋಗುತ್ತಲೇ ಇದ್ದ. ತಿರುಗಿ ನೋಡಿದಾಗಲೇ ಕೊಂಬೆ ಕಂಡಿದ್ದು. ಕಿವಿ ಕೇಳದವನ ಹಿಂದೆ ಪರರ ಮಕ್ಕಳು ನಡೆಯಬಾರದೆಂದು ಅಂದು ಸಂಜೆಯೇ ತಾನಾಗಿ ಕೆಲಸ ಬಿಟ್ಟ. ಯಾರೂ ಬಿಡಿಸಲಿಲ್ಲ, ಯಾರಿಗೂ ಗೊತ್ತೇ ಇರಲಿಲ್ಲ. ಇಷ್ಟು ದೊಡ್ಡ ಕೆಲಸ ಮಾಡಿದವನಿಗೆ ಕಾರಣ ಹೇಳಲು ಮಾತ್ರ ಬಾಯಿ ಬರಲಿಲ್ಲ. ಜನ ಕುಂಟ ಅನ್ನಲಿ, ಕಿವುಡ ಅನ್ನುವುದು ಬೇಡ. ನಿಜ ತಿಳಿದಿದ್ದವರು ಹೆಂಡತಿ ಮತ್ತು ಮಗಳು, ಇಬ್ಬರೇ.

ಮಗಳು ಟ್ರೆಕ್ ಕಚೇರಿಯಲ್ಲಿ ಕೆಸರು ಬೂಟು ತೊಳೆದು, ಅಳತೆ ಪ್ರಕಾರ ಕಪಾಟಿನಲ್ಲಿ ಜೋಡಿಸುವ ಕೆಲಸದಲ್ಲಿದ್ದಳು. ಚಿಕ್ಕಂದಿನಿಂದ ಅಪ್ಪನ ಜೊತೆ ಕಾಡು ಸುತ್ತಿದವಳು, ತಾನೂ ಗೈಡ್ ಆಗುತ್ತೇನೆಂದು ಹಟ ಹಿಡಿದಳು. ಕಚೇರಿಯ ಯಜಮಾನಿ ಅರೆಮನಸ್ಸಿನಿಂದ ಒಂದೇ ಒಂದು ಅವಕಾಶ ಕೊಟ್ಟಳು. ಹೋದವರು ಗೊಣಗುತ್ತ ಬಂದರೆ ಮತ್ತೆ ಬೂಟು ತೊಳೆಯುವುದೇ ಗತಿ ಎಂದು ಮೊದಲೇ ಹೇಳಿದ್ದಳು. ಅಡುಗೆಗೆ ಅಪ್ಪ ಹೊರಟ. ದಾರಿಯಲ್ಲಿ ಬಾಯಿ ಹಾಕಬಾರದೆಂದು ಹೆಂಡತಿ ಆಣೆ ಹಾಕಿಸಿಕೊಂಡೇ ಕಳಿಸಿದಳು.

ಬಂದಿದ್ದವರು ಗಂಡ ಹೆಂಡತಿ ಒಂದು ಜೋಡಿ, ಮತ್ತೆ ಎಲ್ಲರ ಪರವಾಗಿ ತಾನೇ ಮಾತಾಡುವ ಒಬ್ಬ ಗಡ್ಡದವನು. ಕಚೇರಿ ಗೋಡೆಯ ಫೋಟೋದಲ್ಲಿದ್ದ ಹೊಳೆದಂಡೆಯೇ ಬೇಕೆಂದು ಬೆರಳಿಟ್ಟು ತೋರಿಸಿ ಬಂದಿದ್ದರು. ಮೆತ್ತನೆ ಮರಳಿನ ಆ ಜಾಗ ಹುಡುಕಿದ್ದು ರೇಡಿಯೋನೇ. ಆತನಿಗೆ ಮನೆಗಿಂತ ಅದರ ಮೇಲೇ ಹೆಚ್ಚು ಅಭಿಮಾನ.

ಇಳಿಹೊತ್ತಿಗೆ ಅಲ್ಲಿ ತಲುಪಿ ಎಲ್ಲರೂ ಚೀಲ ಇಳಿಸುವಷ್ಟರಲ್ಲಿ ಮಗಳು ಕೈ ಎತ್ತಿ ತಡೆದಳು. ಹೊಳೆ ಬರುವ ದಿಕ್ಕಿಗೆ ಕಿವಿಯಿಟ್ಟು ನಿಂತಳು. ಮೇಲೆಲ್ಲೋ ನೀರಿನ ರಭಸಕ್ಕೆ ಕಲ್ಲು ಉರುಳುತ್ತಿದೆ, ರಾತ್ರಿ ಹೊಳೆ ಏರಬಹುದು, ಇಲ್ಲಿ ಮಲಗುವಂತಿಲ್ಲ, ದಿಬ್ಬ ಹತ್ತಬೇಕು ಎಂದಳು. ಗಡ್ಡದವನು ಅವಳನ್ನು ಬಿಟ್ಟು ಅಡುಗೆಯವನ ಮುಖ ನೋಡಿದ. ರೇಡಿಯೋ ಕಿವಿಗೊಟ್ಟ, ಏನೂ ಕೇಳಿಸಲಿಲ್ಲ. ನೀರು ತಳ ಕಾಣುವಷ್ಟು ತಿಳಿಯಾಗಿತ್ತು, ಒಂದು ಎಲೆಯೂ ತೇಲಿಬರುತ್ತಿರಲಿಲ್ಲ. ಆತನ ಇಷ್ಟು ವರ್ಷದ ಅನುಭವವೆಲ್ಲ ಇಲ್ಲೇ ಮಲಗಿ ಅನ್ನುತ್ತಿತ್ತು. ಆತ ಪರವಾಗಿಲ್ಲ ಎಂದಿದ್ದರೆ ಸಾಕು, ಮೂವರೂ ಅಲ್ಲೇ ಕಾಲು ಚಾಚುತ್ತಿದ್ದರು. ಆತ ಪಾತ್ರೆಯ ಗಂಟನ್ನು ಮತ್ತೆ ಹೆಗಲಿಗೇರಿಸಿ ಎಲ್ಲರಿಗಿಂತ ಮೊದಲು ಮಗಳ ಹಿಂದೆ ದಿಬ್ಬ ಹತ್ತತೊಡಗಿದ.

ದಿಬ್ಬದ ಮೇಲೆ ಬರೀ ಕಲ್ಲು, ಸಾಲದ್ದಕ್ಕೆ ಇರುವೆ. ಯಾರಿಗೂ ಕಣ್ಣು ಹತ್ತಲಿಲ್ಲ. ಬೆಳಗ್ಗೆ ಕೆಳಗಿಳಿದು ನೋಡಿದರೆ ಹೊಳೆದಂಡೆ ಇದ್ದ ಹಾಗೇ ಇತ್ತು. ಮರಳಿನಲ್ಲಿ ಹಿಂದಿನ ದಿನದ ಹೆಜ್ಜೆ ಗುರುತು ಕೂಡ ಅಳಿಸಿರಲಿಲ್ಲ.

“ನನಗೆ ಕೇಳಿಸಿದ್ದು ನಿಜ ಅಪ್ಪ,” ಎಂದಳು ಮಗಳು, ಆತನಿಗೆ ತುಟಿ ಕಾಣುವಂತೆ ಎದುರು ನಿಂತು.

ಗಡ್ಡದವನು ಕಚೇರಿಯಲ್ಲಿ ಇದನ್ನೆಲ್ಲ ಹೇಳಿಯೇ ಹೇಳುತ್ತೇನೆಂದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ರೇಡಿಯೋನನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದ. ಜನ್ಮದಲ್ಲಿ ಮೊದಲ ಸಲ ರೇಡಿಯೋ ಮಾತಿಗಾಗಿ ತಡಕಾಡಿದ.

“ನಾನಾಗಿದ್ರೆ ಇಲ್ಲೇ ಮಲಗಿಸ್ತಿದ್ದೆ,” ಎಂದ. “ಯಾಕಂದ್ರೆ ನನಗೆ ಕಿವಿ ಕೇಳಲ್ಲ. ಮಂಡಿಗೇನೂ ಆಗಿಲ್ಲ, ಅದು ಸುಳ್ಳು. ನಿನ್ನೆ ನೀರು ಬರಲಿಲ್ಲ, ನಮ್ಮ ಪುಣ್ಯ. ಬಂದಿದ್ರೆ ನನ್ನನ್ನ ನಂಬಿದೋರು ಯಾರೂ ಈಗ ನಿಂತು ದೂರು ಹೇಳ್ತಿರಲಿಲ್ಲ. ಅದಕ್ಕೇ ಅವಳು ಮುಂದೆ ನಡೀತಾಳೆ, ನಾನು ಅಡುಗೆ ಮಾಡ್ತೀನಿ. ಕಚೇರೀಲಿ ಇದನ್ನೂ ಸೇರಿಸಿ ಹೇಳಿ.”

ಗಡ್ಡದವನು ಹೇಳಿದ. ಆ ಫೋಟೋದ ಜಾಗ ಸಿಗಲಿಲ್ಲವೆಂದು ಗೊಣಗಿದ ಮೇಲೆ, ಅಡುಗೆಯವನ ಮಾತನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಯಜಮಾನಿ ಎಲ್ಲ ಕೇಳಿ, ರೇಡಿಯೋಗೆ ಬಾಗಿಲವರೆಗೆ ನಡೆದು ತೋರಿಸಲು ಹೇಳಿದಳು. ಆತ ಕುಂಟದೆ ಜಟ್ಟಿಯ ಹಾಗೆ ನಡೆದು ಹೋಗಿ ಬಂದ. ಇಷ್ಟು ದಿನ ಇವನ ಮಂಡಿಗೆಂದು ತಾನು ಎಣ್ಣೆ ತಂದುಕೊಟ್ಟಿದ್ದನ್ನು ನೆನೆದು ಅವಳು ಚೆನ್ನಾಗಿ ಬೈದಳು. ಬೈದು ಮುಗಿಸಿ, ಮುಂದಿನ ಗುಂಪನ್ನೂ ನೀನೇ ಕರೆದುಕೊಂಡು ಹೋಗು ಎಂದು ಮಗಳಿಗೆ ಹೇಳಿದಳು.

ಆ ಮೊದಲ ಟ್ರೆಕ್‌ನಲ್ಲಿ ಅಪ್ಪನ ಗುಟ್ಟು ಕಾಯಲೆಂದು ಮಗಳು ದಾರಿಯಲ್ಲಿ ಒಮ್ಮೆಯೂ ದನಿ ಏರಿಸಿರಲಿಲ್ಲ. ಅಪಾಯವಿದ್ದರೆ ಹಿಂದಿರುಗಿ ಕೈಸನ್ನೆ ಮಾಡುತ್ತಿದ್ದಳು, ಅಷ್ಟೇ. ಮುಂದಿನ ಟ್ರೆಕ್‌ನಲ್ಲಿ ಇಳಿಜಾರು ಬಂದಾಗ ಕಾಡೆಲ್ಲ ಕೇಳುವಂತೆ ಕೂಗಿದಳು.

“ಅಪ್ಪಾ, ಇಲ್ಲಿ ಜಾರುತ್ತೆ, ನೋಡ್ಕೊಂಡು ಬಾ!”

ಕೇಳಿಸಿತ್ತು. ಆದರೂ ರೇಡಿಯೋ ಕಿವಿಗೆ ಕೈ ಹಿಡಿದು, ಏನಂದೆ ಎಂದು ಕೇಳಿದ. ಇನ್ನೊಂದು ಸಲ ಕೂಗಲಿ ಅನ್ನಿಸಿತ್ತು.