ಮಹಡಿ ಮನೆಯ ಹುಡುಗಿ ನೋಡಿದ ಧಾರಾವಾಹಿ

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರ ಮಗಳು ಆಗ ಎರಡನೇ ಪಿಯುಸಿ ಓದುತ್ತಿದ್ದಳು. ಚಾನೆಲ್ಲೊಂದು ಕಾಲೇಜು ಹುಡುಗಿಯರ ಹೊಸ ಧಾರಾವಾಹಿಯೊಂದನ್ನು ಶುರು ಮಾಡಿದಾಗ, ಸಂಜೆ ಕೆಳಗಿಳಿದು ಬಂದು ನನ್ನ ಜೊತೆ ನೋಡುತ್ತಿದ್ದಳು.

"ಇಷ್ಟು ಮೇಕಪ್ ಹಾಕ್ಕೊಂಡು ಹೋದ್ರೆ ನಮ್ ಲೆಕ್ಚರರ್ ಗೇಟಲ್ಲೇ ವಾಪಸ್ ಕಳಿಸ್ತಾರೆ ಆಂಟಿ" ಎಂದು ನಗಿಸುತ್ತಿದ್ದಳು.

ಒಂದು ಕಂತಿನಲ್ಲಿ ನಾಯಕಿ ಮದುವೆ ಬೇಡವೆಂದು ಅತ್ತಳು. ಅವಳಪ್ಪ ಕರಗಿ, ಓದಲು ಬಿಟ್ಟ. ನಮ್ಮ ಹುಡುಗಿ ನಗಲಿಲ್ಲ.

"ಬರೀ ಸುಳ್ಳು ಆಂಟಿ. ನಾನೂ ಹಿಂಗೇ ಅತ್ತಿದ್ದೆ. ಅಪ್ಪ ಛತ್ರ ಬುಕ್ ಮಾಡ್ಬಿಟ್ರು."

ಮರುದಿನ ಮೇಲೆ ಹೋಗಿ ಅವಳಪ್ಪನ ಹತ್ತಿರ ಮಾತಾಡಿದೆ. "ಇದು ನಮ್ಮನೆ ವಿಷ್ಯ, ಬಿಡಿ" ಎಂದು ಅವರು ಬಾಗಿಲು ಹಾಕಿಕೊಂಡರು. ಆ ವಾರವೇ ಅವಳನ್ನು ಊರಿಗೆ ಕರೆದೊಯ್ದರು.

ಕೆಲವು ದಿನಗಳ ನಂತರ ತಾಯಿ ಒಬ್ಬರೇ ಬಂದರು. "ಮದುವೆ ಆಯ್ತು" ಎಂದಷ್ಟೇ ಹೇಳಿ, ಮಗಳ ಪುಸ್ತಕಗಳನ್ನು ರದ್ದಿಯವನಿಗೆಂದು ಗೇಟಿನ ಬಳಿ ಇಟ್ಟರು.